ಲ್ಯಾಪ್‌ಟಾಪ್ ಹಾರ್ಡ್ ಡಿಸ್ಕ್ ಕೈಕೊಡುವ ಮುನ್ನ ಸಿಗುವ ಸೂಚನೆಗಳೇನು? ಮೊದಲು ಮಾಡಬೇಕಾದ್ದೇನು? ಇಲ್ಲಿದೆ ಪೂರ್ತಿ ಮಾಹಿತಿ

ಬೆಳಗ್ಗೆ ಅಂಗಡಿ ಬಾಗಿಲು ತೆಗೆದು ಲ್ಯಾಪ್‌ಟಾಪ್ ಆನ್ ಮಾಡಿದರೆ ವಿಂಡೋಸ್ ಬರೋಕೆ ಹತ್ತು ನಿಮಿಷ. ಟ್ಯಾಲಿ ಒತ್ತಿದರೆ ಮೌಸ್ ಸುತ್ತುತ್ತಲೇ ಇರುತ್ತೆ. ಗಿರಾಕಿ ಬಿಲ್‌ಗಾಗಿ ಕಾಯ್ತಾ ನಿಂತಿರ್ತಾರೆ. "ಹಳೇದಾಯ್ತು, ಸ್ಲೋ ಆಗಿದೆ ಅಷ್ಟೇ" ಅಂತ ಬಹಳಷ್ಟು ಜನ ಸುಮ್ಮನಾಗ್ತಾರೆ. ಕೆಲವು ಸಲ ಅದು ನಿಜ. ಕೆಲವು ಸಲ ಮಾತ್ರ ಒಳಗಿರುವ ಹಾರ್ಡ್ ಡಿಸ್ಕ್ ಸಾಯ್ತಾ ಇರುತ್ತೆ.

ಲ್ಯಾಪ್‌ಟಾಪ್ ಹೋದರೆ ಇನ್ನೊಂದು ತರಬಹುದು. ಅದರೊಳಗಿನ ಉದ್ರಿ ಲೆಕ್ಕ, ಜಿಎಸ್‌ಟಿ ಬಿಲ್, ಸ್ಟುಡಿಯೋದವರ ಮದುವೆ ಫೋಟೋ, ಡಿಟಿಪಿ ಅಂಗಡಿಯ ಲಗ್ನಪತ್ರಿಕೆ ಡಿಸೈನ್, ಸಂಘದ ಸದಸ್ಯರ ಪಟ್ಟಿ ಯಾವ ಅಂಗಡಿಯಲ್ಲೂ ಸಿಗಲ್ಲ. ಜಿಎಸ್‌ಟಿ ನೋಂದಣಿ ಇರುವ ವ್ಯಾಪಾರಿಗಳು ವಾರ್ಷಿಕ ರಿಟರ್ನ್ ಸಲ್ಲಿಸುವ ಕೊನೆಯ ದಿನಾಂಕದಿಂದ 72 ತಿಂಗಳ ಕಾಲ ಲೆಕ್ಕಪತ್ರ ಇಟ್ಟುಕೊಳ್ಳಬೇಕು ಅಂತ ಕಾನೂನೇ ಹೇಳುತ್ತೆ. ಅಂದರೆ ಆರು ವರ್ಷ. "ಡಿಸ್ಕ್ ಹೋಯ್ತು ಸಾರ್" ಅನ್ನೋದು ನೋಟಿಸ್‌ಗೆ ಉತ್ತರ ಆಗಲ್ಲ.

ಹಾಗಾಗಿ ಈ ವಿಷಯದಲ್ಲಿ ನೆನಪಿಡಬೇಕಾದ ಮಾತು ಒಂದೇ: ಅನುಮಾನ ಬಂದ ತಕ್ಷಣ ಮೊದಲು ಕಾಪಿ, ಆಮೇಲೆ ಪರೀಕ್ಷೆ. ರಿಪೇರಿ, ಫಾರ್ಮ್ಯಾಟ್ ಎಲ್ಲಾ ಕೊನೆಗೆ.

ಹಾರ್ಡ್ ಡಿಸ್ಕ್ ಒಳಗೆ ಏನಿರುತ್ತೆ?

ಹಳೆಯ ಲ್ಯಾಪ್‌ಟಾಪ್‌ಗಳಲ್ಲಿ ಇರುವುದು ಎರಡೂವರೆ ಇಂಚಿನ ಹಾರ್ಡ್ ಡಿಸ್ಕ್. ಒಳಗೆ ಕನ್ನಡಿಯಂತೆ ಹೊಳೆಯುವ ತಟ್ಟೆಗಳು ಇರುತ್ತವೆ. ಹೆಚ್ಚಿನವು ನಿಮಿಷಕ್ಕೆ 5400 ಸುತ್ತು, ಅಂದರೆ ಸೆಕೆಂಡಿಗೆ 90 ಸಲ ತಿರುಗುತ್ತವೆ. ಅದರ ಮೇಲೆ ಒಂದು ಸಣ್ಣ ತೋಳು ಓಡಾಡ್ತಾ ಓದೋದು, ಬರೆಯೋದು ಮಾಡುತ್ತೆ. ತೋಳಿನ ತುದಿಯ ಹೆಡ್ ತಟ್ಟೆಯನ್ನು ಮುಟ್ಟೋದೇ ಇಲ್ಲ. ನಡುವಿನ ಅಂತರ ನಮ್ಮ ಕೂದಲೆಳೆಯ ದಪ್ಪದ ಸಾವಿರದ ಒಂದು ಪಾಲಿಗಿಂತಲೂ ಕಡಿಮೆ. ಓಡುತ್ತಿರುವಾಗ ಬಿದ್ದರೆ, ಜೋರಾಗಿ ತಟ್ಟಿದರೆ ಹೆಡ್ ತಟ್ಟೆಗೆ ತಾಗುತ್ತೆ. ಗೀರು ಬಿದ್ದ ಜಾಗದ ಮಾಹಿತಿ ಹೋದ ಹಾಗೇ.

ತಟ್ಟೆಯನ್ನು ಕೋಟ್ಯಂತರ ಸಣ್ಣ ಸಣ್ಣ ಕೋಣೆಗಳಾಗಿ ಭಾಗ ಮಾಡಿರ್ತಾರೆ. ಇವಕ್ಕೆ ಸೆಕ್ಟರ್ ಅಂತಾರೆ. ಒಂದು ಸೆಕ್ಟರ್ ಕೆಟ್ಟರೆ ಡಿಸ್ಕ್ ತಾನೇ ಅದನ್ನು ಬದಿಗಿಟ್ಟು, ಕಂಪನಿಯವರು ಮೊದಲೇ ಮೀಸಲಿಟ್ಟ ಹೆಚ್ಚುವರಿ ಸೆಕ್ಟರ್ ಬಳಸಿಕೊಳ್ಳುತ್ತೆ. ಇದು ಬಳಸುವವರ ಗಮನಕ್ಕೆ ಬರೋದೇ ಇಲ್ಲ. ಕೆಟ್ಟ ಸೆಕ್ಟರ್‌ಗಳು ಹೆಚ್ಚಾಗ್ತಾ ಹೋದಾಗ ಡಿಸ್ಕ್ ಒಂದೇ ಜಾಗವನ್ನು ಮತ್ತೆ ಮತ್ತೆ ಓದಲು ಯತ್ನಿಸುತ್ತೆ. ಆಗ ಲ್ಯಾಪ್‌ಟಾಪ್ ನಿಂತು ನಿಂತು ಓಡುತ್ತೆ. ನಮಗೆ ಕಾಣುವ "ಸ್ಲೋ" ಎಷ್ಟೋ ಸಲ ಇದೇ.

ಈ ಸೂಚನೆಗಳಿದ್ದರೆ ಎಚ್ಚರ

* ಒಂದು ನಿರ್ದಿಷ್ಟ ಫೋಲ್ಡರ್ ಅಥವಾ ಫೈಲ್ ತೆರೆದಾಗ ಮಾತ್ರ ಲ್ಯಾಪ್‌ಟಾಪ್ ಹ್ಯಾಂಗ್ ಆಗೋದು. ಬೇರೆಲ್ಲಾ ಸರಿಯಾಗಿದ್ದು ಆ ಒಂದು ಕಡೆ ಮಾತ್ರ ಸಿಕ್ಕಿಹಾಕಿಕೊಂಡರೆ ಅನುಮಾನ ಡಿಸ್ಕ್ ಮೇಲೆಯೇ.
* ಕಾಪಿ ಮಾಡುವಾಗ ಅರ್ಧಕ್ಕೆ ನಿಂತು ದೋಷದ ಸಂದೇಶ ಬರೋದು.
* ನಿನ್ನೆ ತೆರೆದ ಫೋಟೋ ಇವತ್ತು ಅರ್ಧ ಬೂದು ಬಣ್ಣ ಕಾಣೋದು, ಎಕ್ಸೆಲ್ ಫೈಲ್ "ಕರಪ್ಟ್" ಎನ್ನೋದು.
* ಫೋಲ್ಡರ್ ಹೆಸರು ಅರ್ಥವಿಲ್ಲದ ಅಕ್ಷರಗಳಾಗೋದು, ಫೈಲ್‌ಗಳು ತಾವಾಗೇ ಮಾಯ ಆಗೋದು. ಇದಕ್ಕೆ ವೈರಸ್ ಕೂಡ ಕಾರಣ ಇರಬಹುದು. ಕಾಪಿ ಮಾಡಿಟ್ಟುಕೊಂಡೇ ಮುಂದಿನದು ನೋಡಿ.
* ಆನ್ ಮಾಡಿದಾಗಲೆಲ್ಲಾ ವಿಂಡೋಸ್ ತಾನೇ ಡಿಸ್ಕ್ ಚೆಕ್ ಮಾಡಲು ಶುರು ಮಾಡೋದು.
* ಒಮ್ಮೆ ಆನ್ ಆಗೋದು, ಇನ್ನೊಮ್ಮೆ "ಬೂಟ್ ಡಿವೈಸ್ ನಾಟ್ ಫೌಂಡ್" ಅಥವಾ "ಆಪರೇಟಿಂಗ್ ಸಿಸ್ಟಮ್ ನಾಟ್ ಫೌಂಡ್" ಎಂದು ಕಪ್ಪು ಪರದೆ ಬರೋದು.
* ಆನ್ ಆಗುವಾಗಲೇ "ಸ್ಮಾರ್ಟ್ ಹಾರ್ಡ್ ಡಿಸ್ಕ್ ಎರರ್" ಎನ್ನುವ ಸಂದೇಶ. ಎಚ್‌ಪಿ ಲ್ಯಾಪ್‌ಟಾಪ್‌ಗಳಲ್ಲಿ ಇದರ ಜೊತೆ 301 ಎಂಬ ಸಂಖ್ಯೆ ಇರುತ್ತೆ. ಡಿಸ್ಕ್ ಸದ್ಯದಲ್ಲೇ ಹೋಗಬಹುದು, ಕೂಡಲೇ ಬ್ಯಾಕಪ್ ತಗೊಳ್ಳಿ ಅಂತ ಡಿಸ್ಕೇ ಹೇಳ್ತಾ ಇದೆ ಎಂದರ್ಥ. ಎಂಟರ್ ಒತ್ತಿದರೆ ವಿಂಡೋಸ್ ಬರುತ್ತೆ ಅಂತ ದಿನಾ ಒತ್ತಿ ಮುಂದೆ ಹೋಗಬೇಡಿ.

ಸದ್ದು ಕೇಳಿಸಿಕೊಳ್ಳಿ

ಫ್ಯಾನ್, ಟಿವಿ ಎಲ್ಲಾ ಆಫ್ ಮಾಡಿ, ಕೀಬೋರ್ಡ್ ಮುಂದೆ ಅಂಗೈ ಇಡುವ ಜಾಗಕ್ಕೆ ಕಿವಿ ಹತ್ತಿರ ತನ್ನಿ. ಹೆಚ್ಚಿನ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕ್ ಇರೋದು ಅದರ ಕೆಳಗೆ, ಎಡಕ್ಕೋ ಬಲಕ್ಕೋ. ಮೆಲ್ಲಗೆ ಗುಯ್ ಎನ್ನುವ ಶಬ್ದ, ಆಗಾಗ ಸಣ್ಣ ಕಟಕಟ ಸಹಜ. ಲ್ಯಾಪ್‌ಟಾಪ್‌ನ ಒಳಗಿನ ಫ್ಯಾನ್ ಶಬ್ದವನ್ನು ಇದೆಂದು ತಪ್ಪು ತಿಳಿಯಬೇಡಿ. ಫ್ಯಾನ್ ಆದರೆ ಬದಿಯಲ್ಲಿ ಬಿಸಿಗಾಳಿ ಬರುತ್ತೆ, ಕೆಲಸ ಹೆಚ್ಚಾದಂತೆ ಸದ್ದೂ ಏರುತ್ತೆ.

ಒಂದೇ ತಾಳದಲ್ಲಿ "ಟಕ್... ಟಕ್... ಟಕ್" ಎಂದರೆ ಹೆಡ್ ತನ್ನ ಜಾಗ ಸಿಗದೆ ಹಿಂದೆ ಮುಂದೆ ಹೊಡೆದುಕೊಳ್ತಾ ಇದೆ. ಉಜ್ಜಿದ ಹಾಗೆ "ಕರ್ರ್" ಎಂದರೆ ಹೆಡ್ ತಟ್ಟೆಯನ್ನು ಕೆರೀತಾ ಇರಬಹುದು. ಡಿಸ್ಕ್‌ನಿಂದ ಸಣ್ಣಗೆ ಬೀಪ್ ಬಂದು ತಟ್ಟೆ ತಿರುಗದೇ ಇದ್ದರೆ ಮೋಟಾರೋ ಹೆಡ್ಡೋ ಸಿಕ್ಕಿಹಾಕಿಕೊಂಡಿದೆ. ಈ ಮೂರರಲ್ಲಿ ಯಾವುದು ಕೇಳಿದರೂ ಕಾಪಿ ಮಾಡೋಕೂ ಹೋಗಬೇಡಿ. ಪವರ್ ಬಟನ್ ಒತ್ತಿ ಹಿಡಿದು ಆಫ್ ಮಾಡಿ. ಹೀಗಿರುವಾಗ ಪ್ರತಿ ಸಲ ಆನ್ ಮಾಡಿದಾಗಲೂ ಉಳಿದಿರುವ ಮಾಹಿತಿ ಇನ್ನಷ್ಟು ಕೆರೆದು ಹೋಗುವ ಅಪಾಯ ಇದೆ. ಮಾಹಿತಿ ಬೇಕೇ ಬೇಕು ಎಂದರೆ ಅದು ಡೇಟಾ ರಿಕವರಿ ಲ್ಯಾಬ್‌ನ ಕೆಲಸ.

ಬರೀ ಸ್ಲೋನಾ, ಡಿಸ್ಕ್ ದೋಷನಾ?

ಎಲ್ಲಾ ಸ್ಲೋ ಲ್ಯಾಪ್‌ಟಾಪ್‌ನ ಡಿಸ್ಕ್ ಕೆಟ್ಟಿರಲ್ಲ. 4 ಜಿಬಿ ರ‍್ಯಾಮ್, ಹಳೆ ಹಾರ್ಡ್ ಡಿಸ್ಕ್ ಮೇಲೆ ವಿಂಡೋಸ್ 10 ಅಥವಾ 11 ಹಾಕಿದ್ದರೆ ಡಿಸ್ಕ್ ಚೆನ್ನಾಗಿದ್ದರೂ ಅದು ಏದುಸಿರು ಬಿಡುತ್ತೆ. ಎರಡನ್ನೂ ಬೇರೆ ಮಾಡಿ ನೋಡೋಕೆ ಒಂದು ಸುಲಭ ದಾರಿ ಇದೆ.

ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಕೀ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ಬರುತ್ತೆ. ಅದರಲ್ಲಿ ಪರ್ಫಾರ್ಮೆನ್ಸ್, ಆಮೇಲೆ ಡಿಸ್ಕ್ 0 ಒತ್ತಿ. ಈಚಿನ ವಿಂಡೋಸ್ ಆದರೆ ಅದರ ಕೆಳಗೇ ಎಚ್‌ಡಿಡಿನಾ, ಎಸ್‌ಎಸ್‌ಡಿನಾ ಅಂತಲೂ ಬರೆದಿರುತ್ತೆ. ಇಲ್ಲಿ ಮೂರು ವಿಷಯ ಒಟ್ಟಿಗೆ ನೋಡಬೇಕು: ಡಿಸ್ಕ್ ಎಷ್ಟು ಹೊತ್ತು ಕೆಲಸದಲ್ಲಿದೆ ಎಂದು ಹೇಳುವ ಆಕ್ಟಿವ್ ಟೈಮ್, ಓದುವ-ಬರೆಯುವ ವೇಗ, ಮತ್ತು ಆವರೇಜ್ ರೆಸ್ಪಾನ್ಸ್ ಟೈಮ್.

ಆಕ್ಟಿವ್ ಟೈಮ್ 100 ಇದ್ದು ವೇಗವೂ ಸೆಕೆಂಡಿಗೆ ಹತ್ತಾರು ಎಂಬಿ ಇದ್ದರೆ ಡಿಸ್ಕ್ ನಿಜವಾಗಿ ದುಡೀತಾ ಇದೆ. ವಿಂಡೋಸ್ ಅಪ್‌ಡೇಟೋ, ಆಂಟಿವೈರಸ್ಸೋ ಓಡ್ತಾ ಇರಬಹುದು. ಅರ್ಧ ಗಂಟೆ ಬಿಟ್ಟರೆ ತಾನೇ ಇಳಿಯುತ್ತೆ. ಆದರೆ ಆಕ್ಟಿವ್ ಟೈಮ್ 100, ವೇಗ ಮಾತ್ರ ಸೊನ್ನೆ ಅಥವಾ ಕೆಲವೇ ಕೆಬಿ, ರೆಸ್ಪಾನ್ಸ್ ಟೈಮ್ ಸಾವಿರಾರು ಮಿಲಿಸೆಕೆಂಡ್ ಎಂದಿದ್ದರೆ? ಒಂದೇ ಗುಂಡಿಯಲ್ಲಿ ಚಕ್ರ ಸಿಕ್ಕಿಕೊಂಡ ಗಾಡಿ ಥರ. ಎಂಜಿನ್ ಕೂಗ್ತಿದೆ, ಗಾಡಿ ಮುಂದೆ ಹೋಗ್ತಿಲ್ಲ. ಇದು ಪದೇ ಪದೇ ಕಂಡರೆ ಡಿಸ್ಕ್ ಅಥವಾ ಅದರ ಕೇಬಲ್‌ನಲ್ಲಿ ದೋಷ ಇರುವ ಸಾಧ್ಯತೆ ಹೆಚ್ಚು.

ಮೊದಲ ಕೆಲಸ: ಕಾಪಿ

ಲ್ಯಾಪ್‌ಟಾಪ್ ಇನ್ನೂ ಆನ್ ಆಗ್ತಾ ಇದೆ, ಟಕ್ ಟಕ್ ಸದ್ದಿಲ್ಲ ಎಂದರೆ ಅವತ್ತೇ ಕಾಪಿ ಮಾಡಿ. "ಭಾನುವಾರ ಮಾಡೋಣ" ಅಂತ ಮುಂದೂಡಬೇಡಿ. ಆಫ್ ಮಾಡಿ ಮತ್ತೆ ಆನ್ ಮಾಡಿದರೆ ಬರುತ್ತೆ ಎನ್ನುವ ಗ್ಯಾರಂಟಿ ಇಲ್ಲ.

1. ಬೇರೆ ಡಿಸ್ಕ್‌ಗೇ ಕಾಪಿ ಮಾಡಿ. ಸಿ ಡ್ರೈವ್‌ನಿಂದ ಡಿ ಡ್ರೈವ್‌ಗೆ ಹಾಕಿದರೆ ಬ್ಯಾಕಪ್ ಆಗಲ್ಲ. ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಸಿ, ಡಿ ಎರಡೂ ಒಂದೇ ಡಿಸ್ಕ್‌ನ ಎರಡು ಭಾಗ. ಹೋದರೆ ಎರಡೂ ಒಟ್ಟಿಗೆ ಹೋಗುತ್ತೆ. ಎಕ್ಸ್‌ಟರ್ನಲ್ ಡಿಸ್ಕ್ ಒಳ್ಳೇದು. ಇಲ್ಲದಿದ್ದರೆ ತುರ್ತಿಗೆ ಪೆನ್‌ಡ್ರೈವ್ ಸಾಕು.

2. ಸಣ್ಣದು, ಮುಖ್ಯವಾದದ್ದು ಮೊದಲು. ಟ್ಯಾಲಿ ಡೇಟಾ, ಎಕ್ಸೆಲ್, ಸ್ಕ್ಯಾನ್ ಮಾಡಿದ ದಾಖಲೆ, ನುಡಿ ಅಥವಾ ಬರಹದಲ್ಲಿ ಮಾಡಿದ ಕಡತ ಮೊದಲು. ಆಮೇಲೆ ಫೋಟೋ. ಸಿನಿಮಾ, ಹಾಡು ಕೊನೆಗೆ, ಅಥವಾ ಬೇಡವೇ ಬೇಡ. ಟ್ಯಾಲಿಪ್ರೈಮ್ ತೆರೆಯೋಕೆ ಆದರೆ ಆಲ್ಟ್ ಮತ್ತು ವೈ ಒತ್ತಿ ಬ್ಯಾಕಪ್ ಆಯ್ಕೆ ಬಳಸಬಹುದು.

3. ಮರೆತುಹೋಗುವ ಜಾಗಗಳನ್ನು ನೋಡಿ. ಡೆಸ್ಕ್‌ಟಾಪ್, ಡೌನ್‌ಲೋಡ್ಸ್, ವಾಟ್ಸಾಪ್‌ನಿಂದ ಇಳಿಸಿದ ಫೈಲ್, ಬ್ರೌಸರ್‌ನಲ್ಲಿ ಉಳಿಸಿದ ಪಾಸ್‌ವರ್ಡ್. ಡಿಟಿಪಿ ಅಂಗಡಿಯವರು ಫಾಂಟ್‌ಗಳನ್ನೂ ಕಾಪಿ ಮಾಡಿಕೊಳ್ಳಿ. ಫಾಂಟ್ ಇಲ್ಲದೆ ಹಳೆ ಲಗ್ನಪತ್ರಿಕೆ ತೆರೆದರೆ ಕನ್ನಡ ಹೋಗಿ ಚಿತ್ರವಿಚಿತ್ರ ಅಕ್ಷರ ಕಾಣುತ್ತೆ.

4. ಕಟ್ ಬೇಡ, ಕಾಪಿ ಮಾತ್ರ. ಕಟ್ ಮಾಡಿದರೆ ಹಳೆ ಡಿಸ್ಕ್‌ನಿಂದ ಅಳಿಸುವ ಕೆಲಸವೂ ಸೇರುತ್ತೆ. ಮಧ್ಯೆ ನಿಂತರೆ ಯಾವುದು ಎಲ್ಲಿದೆ ಅಂತಲೇ ಗೊತ್ತಾಗಲ್ಲ.

5. ಒಂದು ಫೈಲ್‌ಗೆ ಸಿಕ್ಕಿಕೊಂಡರೆ ಸ್ಕಿಪ್ ಮಾಡಿ ಮುಂದೆ ಹೋಗಿ. ಹಠ ಹಿಡಿದು ಅದನ್ನೇ ಹತ್ತು ಸಲ ಯತ್ನಿಸಿದರೆ ಉಳಿದದ್ದೂ ಹೋಗಬಹುದು.

6. ಮುಗಿದ ಮೇಲೆ ಬೇರೆ ಕಂಪ್ಯೂಟರ್‌ನಲ್ಲಿ ಹಾಕಿ ನಾಲ್ಕಾರು ಫೈಲ್ ತೆರೆದು ನೋಡಿ. ಹೆಸರು ಕಂಡರೆ ಸಾಲದು, ತೆರೆಯಬೇಕು.

ಚೆನ್ನಾಗಿರುವ ಡಿಸ್ಕ್ ಸೆಕೆಂಡಿಗೆ 100 ಎಂಬಿ ವೇಗದಲ್ಲಿ ಕೊಟ್ಟರೂ 500 ಜಿಬಿ ಕಾಪಿ ಆಗಲು ಸುಮಾರು ಒಂದೂವರೆ ಗಂಟೆ ಬೇಕು. ಸಣ್ಣ ಸಣ್ಣ ಫೈಲ್ ಇದ್ದರೆ ಇನ್ನೂ ಜಾಸ್ತಿ. ಕೆಟ್ಟಿರುವ ಡಿಸ್ಕ್ ಆದರೆ ಇಡೀ ದಿನ ಹಿಡಿದರೂ ಆಶ್ಚರ್ಯ ಇಲ್ಲ. ಕರೆಂಟ್ ಹೋಗದ ಜಾಗ, ಕೆಲಸ ಮಾಡುವ ಬ್ಯಾಟರಿ ಇರಲಿ. ಲ್ಯಾಪ್‌ಟಾಪ್ ಸ್ಲೀಪ್‌ಗೆ ಹೋಗದ ಹಾಗೆ ಸೆಟ್ ಮಾಡಿ.

ವಿಂಡೋಸೇ ಬರ್ತಿಲ್ಲ ಎಂದರೆ ಕತೆ ಮುಗೀತು ಅಂತ ಅಲ್ಲ. ಬೇರೆ ಕಂಪ್ಯೂಟರ್‌ನಲ್ಲಿ ಉಬುಂಟು ಅಥವಾ ಲಿನಕ್ಸ್ ಮಿಂಟ್ ಹಾಕಿದ ಬೂಟ್ ಪೆನ್‌ಡ್ರೈವ್ ತಯಾರಿಸಿ, ಅದರಿಂದ ಲ್ಯಾಪ್‌ಟಾಪ್ ಆನ್ ಮಾಡಬಹುದು. ಇನ್‌ಸ್ಟಾಲ್ ಒತ್ತದೆ "ಟ್ರೈ" ಎನ್ನುವುದನ್ನು ಆರಿಸಿದರೆ ಡಿಸ್ಕ್ ಮುಟ್ಟದೆ ಲಿನಕ್ಸ್ ತೆರೆಯುತ್ತೆ. ಅಲ್ಲಿಂದ ಫೈಲ್ ಕಾಪಿ ಮಾಡಬಹುದು. ಈ ಕೆಲಸ ಗೊತ್ತಿಲ್ಲದವರು ಗೊತ್ತಿರುವವರ ಕೈಲೇ ಮಾಡಿಸಬೇಕು. ತಪ್ಪಿ ಇನ್‌ಸ್ಟಾಲ್ ಒತ್ತಿದರೆ ಇರೋದೂ ಹೋಗುತ್ತೆ.

ಈಗ ಪರೀಕ್ಷೆ: ಸ್ಮಾರ್ಟ್ ವರದಿ ಓದೋದು ಹೇಗೆ?

ಪ್ರತಿ ಡಿಸ್ಕ್ ತನ್ನ ಆರೋಗ್ಯದ ಲೆಕ್ಕವನ್ನು ತಾನೇ ಬರೆದಿಡುತ್ತೆ. ಈ ವ್ಯವಸ್ಥೆಗೆ ಸ್ಮಾರ್ಟ್ ಎಂದು ಹೆಸರು. ಅದನ್ನು ಓದಲು ವಿಂಡೋಸ್‌ನಲ್ಲಿ ಹೆಚ್ಚು ಬಳಕೆಯಲ್ಲಿರುವುದು ಕ್ರಿಸ್ಟಲ್ ಡಿಸ್ಕ್ ಇನ್ಫೋ ಎಂಬ ಉಚಿತ ತಂತ್ರಾಂಶ. ಅಧಿಕೃತ ತಾಣದಿಂದಲೇ ಇಳಿಸಿಕೊಳ್ಳಿ. ಇನ್‌ಸ್ಟಾಲ್ ಬೇಡದ ಜಿಪ್ ರೂಪವೂ ಇದೆ. ಅದನ್ನು ಪೆನ್‌ಡ್ರೈವ್‌ನಿಂದಲೇ ಓಡಿಸಿದರೆ ಅನಾರೋಗ್ಯದ ಡಿಸ್ಕ್ ಮೇಲೆ ಹೊಸದಾಗಿ ಬರೆಯೋದು ತಪ್ಪುತ್ತೆ. ಉಬುಂಟುನಲ್ಲಾದರೆ ಡಿಸ್ಕ್ಸ್ ಎಂಬ ಆ್ಯಪ್‌ನಲ್ಲೇ ಈ ವರದಿ ಸಿಗುತ್ತೆ.

ತೆರೆದ ಕೂಡಲೇ ನೀಲಿ ಬಣ್ಣದಲ್ಲಿ ಗುಡ್, ಹಳದಿಯಲ್ಲಿ ಕಾಶನ್, ಕೆಂಪಲ್ಲಿ ಬ್ಯಾಡ್ ಎಂದು ಕಾಣುತ್ತೆ. ಬಣ್ಣ ನೋಡಿ ಮುಚ್ಚಬೇಡಿ, ಕೆಳಗಿನ ಸಾಲುಗಳಲ್ಲಿ ಇವಿಷ್ಟು ನೋಡಿ:

* 05, ರೀಅಲೊಕೇಟೆಡ್ ಸೆಕ್ಟರ್: ಕೆಟ್ಟು ಬದಿಗಿಟ್ಟ ಸೆಕ್ಟರ್‌ಗಳ ಲೆಕ್ಕ. ಸೊನ್ನೆ ಇದ್ದರೆ ಒಳ್ಳೇದು. ಸಣ್ಣ ಸಂಖ್ಯೆ ಇದ್ದು ತಿಂಗಳುಗಟ್ಟಲೆ ಹಾಗೇ ಇದ್ದರೆ ಗಾಬರಿ ಬೇಡ. ವಾರ ವಾರ ಏರ್ತಾ ಇದ್ದರೆ ಡಿಸ್ಕ್ ಬದಲಿಸೋದೇ ಸರಿ.
* ಸಿ5, ಪೆಂಡಿಂಗ್ ಸೆಕ್ಟರ್: ಓದಲಾಗದೆ ಬಾಕಿ ಉಳಿದಿರುವ ಸೆಕ್ಟರ್‌ಗಳು. ಇಲ್ಲಿ ಸಂಖ್ಯೆ ಇದೆ ಎಂದರೆ ಅಷ್ಟು ಜಾಗದ ಮಾಹಿತಿ ಈಗಲೇ ಅಪಾಯದಲ್ಲಿದೆ.
* ಸಿ6, ಅನ್‌ಕರೆಕ್ಟಬಲ್ ಸೆಕ್ಟರ್: ಡಿಸ್ಕ್ ತಾನೇ ಪರೀಕ್ಷಿಸಿಕೊಂಡಾಗ ಸರಿಪಡಿಸಲಾಗದ್ದು. ಸೊನ್ನೆಯೇ ಇರಬೇಕು.
* ಸಿ7, ಸಿಆರ್‌ಸಿ ಎರರ್: ಡಿಸ್ಕ್‌ಗೂ ಲ್ಯಾಪ್‌ಟಾಪ್‌ಗೂ ನಡುವಿನ ದಾರಿಯಲ್ಲಿ ಆದ ತಪ್ಪು. ಇದೊಂದೇ ಏರ್ತಿದ್ದು ಮೇಲಿನ ಮೂರೂ ಸೊನ್ನೆ ಇದ್ದರೆ ದೋಷ ಡಿಸ್ಕ್‌ನದ್ದಲ್ಲ, ಕೇಬಲ್ ಅಥವಾ ಕನೆಕ್ಟರ್‌ದು ಇರಬಹುದು. ಹಳೆ ತಪ್ಪುಗಳ ಲೆಕ್ಕ ಸೊನ್ನೆಗೆ ಇಳಿಯಲ್ಲ, ಹಾಗಾಗಿ ಏರ್ತಿದೆಯಾ ಅನ್ನೋದಷ್ಟೇ ಮುಖ್ಯ.
* 09, ಪವರ್ ಆನ್ ಅವರ್ಸ್: ಡಿಸ್ಕ್ ಒಟ್ಟು ಎಷ್ಟು ಗಂಟೆ ಓಡಿದೆ. ದಿನಕ್ಕೆ 12 ಗಂಟೆ, ವರ್ಷಕ್ಕೆ 300 ದಿನ ಓಡುವ ಅಂಗಡಿಯ ಲ್ಯಾಪ್‌ಟಾಪ್ ಐದು ವರ್ಷಕ್ಕೆ 18,000 ಗಂಟೆ ದಾಟುತ್ತೆ. ಸೆಕೆಂಡ್ ಹ್ಯಾಂಡ್ ಕೊಳ್ಳುವವರು "ಕಡಿಮೆ ಯೂಸ್ ಆಗಿದೆ" ಎನ್ನುವ ಮಾತು ನಂಬುವ ಬದಲು ಇದನ್ನೇ ನೋಡಬಹುದು.

ಒಂದು ಎಚ್ಚರ: ಈ ತಂತ್ರಾಂಶ ಸಾಲುಗಳ ಕೊನೆಯ ಸಂಖ್ಯೆಯನ್ನು 16ರ ಎಣಿಕೆಯಲ್ಲಿ ತೋರಿಸುತ್ತೆ. ಅಲ್ಲಿ 10 ಎಂದಿದ್ದರೆ ಅದು ಹತ್ತಲ್ಲ, ಹದಿನಾರು. 4650 ಎಂದಿದ್ದರೆ 18,000. ಫಂಕ್ಷನ್ ಮೆನುವಿನ ಅಡ್ವಾನ್ಸ್ಡ್ ಫೀಚರ್‌ನಲ್ಲಿ ರಾ ವ್ಯಾಲ್ಯೂಸ್ ಎಂಬುದನ್ನು ಹತ್ತರ ಎಣಿಕೆಗೆ ಬದಲಿಸಿದರೆ ಗೊಂದಲ ಇರಲ್ಲ. ಇನ್ನೊಂದು, ಸೀಗೇಟ್ ಡಿಸ್ಕ್‌ಗಳಲ್ಲಿ 01 ಮತ್ತು 07ರ ಮುಂದೆ ಕೋಟಿಗಟ್ಟಲೆ ಸಂಖ್ಯೆ ಕಾಣೋದು ಮಾಮೂಲು. ಅದನ್ನು ತೋರಿಸಿ ಯಾರಾದರೂ ಹೆದರಿಸಿದರೆ ಹೆದರಬೇಡಿ.

"ಗುಡ್" ಎಂದರೆ ನೂರಕ್ಕೆ ನೂರು ಸರಿ ಅಂತ ಅಲ್ಲ

ಗೂಗಲ್ ಎಂಜಿನಿಯರ್‌ಗಳು ತಮ್ಮಲ್ಲಿನ ಒಂದು ಲಕ್ಷಕ್ಕೂ ಹೆಚ್ಚು ಹಾರ್ಡ್ ಡಿಸ್ಕ್‌ಗಳ ಮೇಲೆ ಅಧ್ಯಯನ ಮಾಡಿ 2007ರಲ್ಲಿ ವರದಿ ಪ್ರಕಟಿಸಿದ್ದರು. ಪರೀಕ್ಷೆಯಲ್ಲಿ ಮೊದಲ ಸ್ಕ್ಯಾನ್ ದೋಷ ಕಂಡ ಡಿಸ್ಕ್‌ಗಳು, ದೋಷವೇ ಇಲ್ಲದವುಗಳಿಗಿಂತ ಮುಂದಿನ 60 ದಿನದಲ್ಲಿ ಕೈಕೊಡುವ ಸಾಧ್ಯತೆ 39 ಪಟ್ಟು ಹೆಚ್ಚಿತ್ತು. ಇದು ಎಚ್ಚರಿಕೆಯ ಬೆಲೆ. ಅದೇ ವರದಿಯ ಇನ್ನೊಂದು ಮಾತೂ ಮುಖ್ಯ: ಕೆಟ್ಟುಹೋದ ಡಿಸ್ಕ್‌ಗಳಲ್ಲಿ ಶೇ. 56ಕ್ಕಿಂತ ಹೆಚ್ಚಿನವು ಸ್ಮಾರ್ಟ್‌ನ ನಾಲ್ಕು ಪ್ರಮುಖ ಸೂಚನೆಗಳಲ್ಲಿ ಒಂದನ್ನೂ ತೋರಿಸಿರಲಿಲ್ಲ.

ಅಂದರೆ ಸ್ಮಾರ್ಟ್ ಕೆಟ್ಟಿದೆ ಎಂದರೆ ನಂಬಿ. ಚೆನ್ನಾಗಿದೆ ಎಂದರೆ ಪೂರ್ತಿ ನಂಬಬೇಡಿ. ಬಣ್ಣ ನೀಲಿ ಇದ್ದರೂ ಮೇಲೆ ಹೇಳಿದ ಲಕ್ಷಣ ಕಾಣ್ತಿದ್ದರೆ ಕಾಪಿ ಮಾಡಲೇಬೇಕು.

ಇನ್ನೂ ಎರಡು ಸಾಕ್ಷಿ

ವಿಂಡೋಸ್‌ನ ದಿನಚರಿ: ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿ ಈವೆಂಟ್ ವ್ಯೂವರ್ ತೆರೆಯಿರಿ. ವಿಂಡೋಸ್ ಲಾಗ್ಸ್, ಅದರೊಳಗೆ ಸಿಸ್ಟಮ್. ಸೋರ್ಸ್ ಎಂಬಲ್ಲಿ ಡಿಸ್ಕ್ ಎಂದಿರುವ ಸಾಲುಗಳಲ್ಲಿ ಐಡಿ 7 ಇದ್ದರೆ ಬ್ಯಾಡ್ ಬ್ಲಾಕ್ ಸಿಕ್ಕಿದೆ ಎಂದರ್ಥ. 153 ಎಂದರೆ ಓದುವ ಅಥವಾ ಬರೆಯುವ ಕೆಲಸವನ್ನು ಮತ್ತೆ ಯತ್ನಿಸಬೇಕಾಯ್ತು ಅಂತ. 52 ಎಂದರೆ ಡಿಸ್ಕ್ ತಾನು ಹೋಗುತ್ತೇನೆ ಎಂದು ಮುನ್ಸೂಚನೆ ಕೊಟ್ಟಿದೆ. ಸಂದೇಶದೊಳಗೆ ಹಾರ್ಡ್‌ಡಿಸ್ಕ್ 0 ಎಂದಿದೆಯಾ, 1 ಎಂದಿದೆಯಾ ಅಂತಲೂ ನೋಡಿ. ಸಾಮಾನ್ಯವಾಗಿ 0 ಲ್ಯಾಪ್‌ಟಾಪ್ ಒಳಗಿನದು, 1 ಎಂದರೆ ಆಗ ಹಾಕಿದ್ದ ಪೆನ್‌ಡ್ರೈವ್ ಇರಬಹುದು.

ಕಂಪನಿಯ ಸ್ವಂತ ಪರೀಕ್ಷೆ: ವಿಂಡೋಸ್ ಬೇಡದೆಯೇ ಇದು ಓಡುತ್ತೆ. ಎಚ್‌ಪಿಯಲ್ಲಿ ಆನ್ ಮಾಡಿದ ಕೂಡಲೇ ಎಸ್ಕೇಪ್ ಒತ್ತಿ ಎಫ್2, ಡೆಲ್‌ನಲ್ಲಿ ಎಫ್12 ಒತ್ತಿ ಡಯಾಗ್ನೋಸ್ಟಿಕ್ಸ್. ಬೇರೆ ಕಂಪನಿಗಳಲ್ಲಿ ಕೀ ಬೇರೆ ಇರುತ್ತೆ. ಶಾರ್ಟ್ ಟೆಸ್ಟ್ ಕೆಲವೇ ನಿಮಿಷದ್ದು, ಮೊದಲು ಅದನ್ನೇ ಮಾಡಿ. ಫೇಲ್ ಎಂದು ಬಂದರೆ ಲಾಂಗ್ ಟೆಸ್ಟ್ ಬೇಕಿಲ್ಲ, ಅದು ಗಂಟೆಗಟ್ಟಲೆ ಡಿಸ್ಕನ್ನು ದುಡಿಸುತ್ತೆ. ಡೆಲ್‌ನ 2000-0142 ಹಾರ್ಡ್ ಡಿಸ್ಕ್ ಸ್ವಪರೀಕ್ಷೆಯಲ್ಲಿ ಫೇಲ್ ಆಗಿದೆ ಎಂದು ಹೇಳುವ ಸಂಖ್ಯೆ. ಬಂದ ಸಂಖ್ಯೆಯನ್ನು ಮೊಬೈಲ್‌ನಲ್ಲಿ ಫೋಟೋ ತೆಗೆದಿಡಿ. ವಾರಂಟಿ ಇದ್ದರೆ ಕೇಳ್ತಾರೆ.

ಡಿಸ್ಕ್ ಬದಲಿಸುವ ಮುನ್ನ ಕೇಬಲ್, ರ‍್ಯಾಮ್ ನೋಡಿಸಿ

ಕೆಲವು ಮಾಡೆಲ್‌ಗಳಲ್ಲಿ ಡಿಸ್ಕ್‌ಗೂ ಬೋರ್ಡ್‌ಗೂ ನಡುವೆ ತೆಳ್ಳಗಿನ ಪಟ್ಟಿ ಕೇಬಲ್ ಇರುತ್ತೆ. ಅದು ಸಡಿಲ ಆದರೂ, ಮಡಿಚಿ ಹರಿದರೂ ಲಕ್ಷಣ ಎಲ್ಲಾ ಡಿಸ್ಕ್ ಕೆಟ್ಟಂತೆಯೇ. ಡಿಸ್ಕ್ ಬಿಚ್ಚಿ ಯುಎಸ್‌ಬಿ ಕೇಸಿಂಗ್‌ಗೆ ಹಾಕಿ ಬೇರೆ ಲ್ಯಾಪ್‌ಟಾಪ್‌ಗೆ ಜೋಡಿಸಿದಾಗ ಸಲೀಸಾಗಿ ಓದಿದರೆ, ಸ್ಮಾರ್ಟ್ ಸಂಖ್ಯೆಗಳೂ ಸೊನ್ನೆ ಇದ್ದರೆ, ಕೇಬಲ್ ಅಥವಾ ಪೋರ್ಟ್ ಕಡೆ ನೋಡಬೇಕು. ಸಣ್ಣ ಖರ್ಚಲ್ಲಿ ಮುಗಿಯುವ ಕೆಲಸಕ್ಕೆ ಡಿಸ್ಕ್ ಬದಲಿಸಿದರೆ ದುಡ್ಡೂ ದಂಡ, ತೊಂದರೆಯೂ ಹಾಗೇ ಉಳಿಯುತ್ತೆ.

ನೀಲಿ ಪರದೆ ಬಂದು ರೀಸ್ಟಾರ್ಟ್ ಆಗೋದು, ಫೈಲ್ ಕರಪ್ಟ್ ಆಗೋದು ರ‍್ಯಾಮ್ ದೋಷದಿಂದಲೂ ಆಗುತ್ತೆ. ವಿಂಡೋಸ್ ಮೆಮೊರಿ ಡಯಾಗ್ನೋಸ್ಟಿಕ್ ಎಂದು ಹುಡುಕಿ ಓಡಿಸಿದರೆ ಅದನ್ನು ಪರೀಕ್ಷಿಸಬಹುದು.

ಎಸ್‌ಎಸ್‌ಡಿ ಇದ್ದರೆ?

ಈಚಿನ ಲ್ಯಾಪ್‌ಟಾಪ್‌ಗಳಲ್ಲಿ ಹೆಚ್ಚಾಗಿ ಇರೋದು ಎಸ್‌ಎಸ್‌ಡಿ. ಇದರಲ್ಲಿ ತಿರುಗುವ ತಟ್ಟೆ ಇಲ್ಲ, ಸದ್ದೂ ಇಲ್ಲ. ಹಾಗಾಗಿ ಕಿವಿಗೆ ಸೂಚನೆ ಸಿಗಲ್ಲ. ಕೆಲವು ಎಸ್‌ಎಸ್‌ಡಿಗಳು ಸಾಯುವ ಮುಂಚೆ ಓದೋಕೆ ಮಾತ್ರ ಬಿಟ್ಟು ಬರೆಯೋದನ್ನು ನಿಲ್ಲಿಸ್ತವೆ. ಕೆಲವು ನಿನ್ನೆವರೆಗೂ ಸರಿ ಇದ್ದು ಇವತ್ತು ಬಯೋಸ್‌ನಲ್ಲೂ ಕಾಣಲ್ಲ. ವಿಂಡೋಸ್ 11ರಲ್ಲಿ ಸೆಟಿಂಗ್ಸ್‌ನ ಸಿಸ್ಟಮ್, ಸ್ಟೋರೇಜ್‌ನೊಳಗೆ ಡಿಸ್ಕ್ಸ್ ಅಂಡ್ ವಾಲ್ಯೂಮ್ಸ್‌ಗೆ ಹೋದರೆ ಎನ್‌ವಿಎಂಇ ಮಾದರಿಯ ಎಸ್‌ಎಸ್‌ಡಿಯ ಉಳಿದ ಆಯಸ್ಸು, ಮೀಸಲು ಜಾಗ, ಉಷ್ಣಾಂಶ ಕಾಣುತ್ತೆ. ಎಸ್‌ಎಸ್‌ಡಿ ಹಾಕಿಸಿದ್ದೇವೆ, ಇನ್ನು ಬ್ಯಾಕಪ್ ಬೇಡ ಅನ್ನೋದು ತಪ್ಪು ಲೆಕ್ಕ.

ಹೊಸ ಲ್ಯಾಪ್‌ಟಾಪ್ ಇರುವವರಿಗೆ ಇನ್ನೊಂದು ವಿಷಯ. ಹಲವು ವಿಂಡೋಸ್ 11 ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕ್ ತಾನಾಗೇ ಬಿಟ್‌ಲಾಕರ್ ಬೀಗ ಹಾಕಿಕೊಂಡಿರುತ್ತೆ. ಅಂಥ ಡಿಸ್ಕ್ ಬಿಚ್ಚಿ ಬೇರೆ ಕಡೆ ಹಾಕಿದರೆ 48 ಅಂಕಿಯ ರಿಕವರಿ ಕೀ ಕೇಳುತ್ತೆ. ಸಾಮಾನ್ಯವಾಗಿ ಅದು ನಿಮ್ಮ ಮೈಕ್ರೋಸಾಫ್ಟ್ ಅಕೌಂಟ್‌ನಲ್ಲಿ ಇರುತ್ತೆ. ಲ್ಯಾಪ್‌ಟಾಪ್ ಚೆನ್ನಾಗಿರುವಾಗಲೇ ಅದನ್ನು ಬರೆದಿಟ್ಟುಕೊಳ್ಳಿ.

ಸರ್ವಿಸ್ ಅಂಗಡಿಗೆ ಕೊಡುವಾಗ

"ಅಣ್ಣಾ, ಏನಾದ್ರೂ ಮಾಡಿ, ಸಂಜೆಯೊಳಗೆ ಸರಿ ಮಾಡ್ಕೊಡಿ" ಅಂತ ಲ್ಯಾಪ್‌ಟಾಪ್ ಇಟ್ಟು ಹೋಗೋದು, ಸಂಜೆ ಬಂದು "ಫೋಟೋ ಎಲ್ಲಾ ಎಲ್ಲಿ ಹೋಯ್ತು?" ಅಂತ ಕೇಳೋದು, ಅವರು "ನೀವು ಹೇಳ್ಲೇ ಇಲ್ವಲ್ಲ ಸಾರ್" ಅನ್ನೋದು. ಹೆಚ್ಚಿನ ಜಗಳ ಹುಟ್ಟೋದು ಇಲ್ಲೇ. ತಂತ್ರಜ್ಞರಿಗೆ ಸ್ಲೋ ಲ್ಯಾಪ್‌ಟಾಪ್ ಎಂದರೆ ಮೊದಲು ನೆನಪಾಗೋದು ಫಾರ್ಮ್ಯಾಟ್. ಡೇಟಾ ಬೇಕು ಎಂಬುದನ್ನು ಹೇಳಬೇಕಾದವರು ಗಿರಾಕಿಯೇ.

* "ಡೇಟಾ ಬೇಕು, ಕೇಳದೆ ಫಾರ್ಮ್ಯಾಟ್ ಮಾಡಬಾರದು" ಎಂದು ರಸೀದಿ ಮೇಲೆ ಬರೆಸಿ.
* "ಸ್ಮಾರ್ಟ್ ವರದಿಯಲ್ಲಿ 05, ಸಿ5, ಸಿ6 ಎಷ್ಟಿದೆ ತೋರಿಸಿ" ಎಂದು ಕೇಳಿ. ಡಿಸ್ಕ್ ಬದಲಿಸಬೇಕು ಎಂದರೆ ಈ ಪುರಾವೆ ತೋರಿಸೋಕೆ ಐದು ನಿಮಿಷ ಸಾಕು.
* ಕೆಟ್ಟ ಡಿಸ್ಕ್‌ನಿಂದ ಡೇಟಾ ತೆಗೆಯಲು ಡಿಡಿ ರೆಸ್ಕ್ಯೂ ಗೊತ್ತಾ ಎಂದು ವಿಚಾರಿಸಿ. ಇದು ಚೆನ್ನಾಗಿರುವ ಭಾಗವನ್ನು ಮೊದಲು ಎತ್ತಿಕೊಂಡು, ಕೆಟ್ಟ ಭಾಗಕ್ಕೆ ಆಮೇಲೆ ಬರುವ ಉಚಿತ ತಂತ್ರಾಂಶ.
* ವಾರಂಟಿ ಇದ್ದರೂ ಕಂಪನಿ ಕೊಡೋದು ಬೇರೆ ಡಿಸ್ಕ್. ಡೇಟಾಕ್ಕೆ ವಾರಂಟಿ ಇರಲ್ಲ.
* ಹೊರಗೆ ದುಡ್ಡು ಕೊಟ್ಟು ಬದಲಿಸಿದ್ದಾದರೆ ಹಳೆ ಡಿಸ್ಕ್ ವಾಪಸ್ ಕೇಳಿ ಪಡೆಯಿರಿ. ಆಧಾರ್, ಪಾನ್, ಪಾಸ್‌ಬುಕ್ ಸ್ಕ್ಯಾನ್ ಅದರಲ್ಲೇ ಇರುತ್ತೆ. ಗಿರಾಕಿಗಳ ದಾಖಲೆ ಇರುವ ಜೆರಾಕ್ಸ್, ಸೈಬರ್ ಅಂಗಡಿಯವರಂತೂ ಇದನ್ನು ಮರೆಯಬಾರದು.

ಡಿಸ್ಕ್ ಬದಲಿಸೋದೇ ಆದರೆ ಹಳೆಯ ಎರಡೂವರೆ ಇಂಚಿನ ಜಾಗಕ್ಕೆ ಅದೇ ಅಳತೆಯ ಸಾಟಾ ಎಸ್‌ಎಸ್‌ಡಿ ಕೂರುತ್ತೆ. ಲ್ಯಾಪ್‌ಟಾಪ್ ವೇಗವೂ ಎದ್ದು ಕಾಣುವಷ್ಟು ಹೆಚ್ಚುತ್ತೆ. ಕೆಟ್ಟ ಡಿಸ್ಕನ್ನು ಹಾಗ್ಹಾಗೇ ಕ್ಲೋನ್ ಮಾಡಿಸುವ ಬದಲು ಹೊಸದಾಗಿ ವಿಂಡೋಸ್ ಹಾಕಿಸಿ, ಕಾಪಿ ಮಾಡಿಟ್ಟ ಫೈಲ್ ಸೇರಿಸೋದು ವಾಸಿ. ಕ್ಲೋನ್‌ನಲ್ಲಿ ಹಾಳಾದ ಫೈಲ್‌ಗಳೂ ಜೊತೆಗೆ ಬರುತ್ತವೆ.

ಇವನ್ನು ಮಾಡಲೇಬೇಡಿ

* ಡೇಟಾ ಕಾಪಿ ಆಗುವ ಮುಂಚೆ ಚೆಕ್ ಡಿಸ್ಕ್ ರಿಪೇರಿ, ಡಿಫ್ರ್ಯಾಗ್, ಪೂರ್ತಿ ಆಂಟಿವೈರಸ್ ಸ್ಕ್ಯಾನ್ ಓಡಿಸೋದು. ಮೂರೂ ಡಿಸ್ಕನ್ನು ಮೂಲೆ ಮೂಲೆವರೆಗೂ ದುಡಿಸ್ತವೆ.
* ಫ್ರಿಜ್‌ನಲ್ಲಿಟ್ಟರೆ ಡಿಸ್ಕ್ ಓಡುತ್ತೆ ಎನ್ನುವ ಹಳೆ ಮಾತು ನಂಬೋದು. ಹೊರಗೆ ತೆಗೆದಾಗ ತೇವ ಕೂತು ಇನ್ನಷ್ಟು ಹಾಳಾಗುತ್ತೆ.
* ಮುಚ್ಚಳ ಬಿಚ್ಚಿ ನೋಡೋದು. ಹೆಡ್ ಮತ್ತು ತಟ್ಟೆ ನಡುವಿನ ಅಂತರಕ್ಕೆ ಒಂದು ಧೂಳಿನ ಕಣವೂ ದೊಡ್ಡ ಬಂಡೆಯೇ.
* ತಟ್ಟೋದು, ಕುಲುಕೋದು.
* ಅಳಿದುಹೋದ ಫೈಲ್ ಹುಡುಕುವ ತಂತ್ರಾಂಶವನ್ನು ಅದೇ ಡಿಸ್ಕ್‌ಗೆ ಇನ್‌ಸ್ಟಾಲ್ ಮಾಡೋದು.

ಡಿಸ್ಕ್ ಆಯಸ್ಸು ಕಡಿಮೆ ಮಾಡುವ ನಮ್ಮ ಅಭ್ಯಾಸಗಳು

ಬ್ಯಾಟರಿ ಸತ್ತ ಲ್ಯಾಪ್‌ಟಾಪನ್ನು ನೇರ ಚಾರ್ಜರ್ ಮೇಲೆ ಓಡಿಸೋದು ನಮ್ಮ ಕಡೆ ಮಾಮೂಲು. ಕರೆಂಟ್ ಹೋದ ಕೂಡಲೇ ಬರೆಯುತ್ತಿದ್ದ ಕೆಲಸ ಅರ್ಧಕ್ಕೇ ನಿಲ್ಲುತ್ತೆ. ಫೈಲ್ ಹಾಳಾಗುತ್ತೆ, ಡಿಸ್ಕ್‌ಗೂ ಒಳ್ಳೇದಲ್ಲ. ಬ್ಯಾಟರಿ ಬದಲಿಸಿ, ಇಲ್ಲವೇ ಯುಪಿಎಸ್ ಮೇಲೆ ಇಡಿ. ಬೈಕ್‌ನಲ್ಲಿ ಒಯ್ಯುವ ಮುಂಚೆ ಬರೀ ಮುಚ್ಚಳ ಮುಚ್ಚದೆ ಶಟ್‌ಡೌನ್ ಮಾಡಿ. ಬ್ಯಾಗ್ ಒಳಗೆ ಓಡ್ತಾನೇ ಇದ್ದರೆ ರಸ್ತೆಯ ಪ್ರತಿ ಹಂಪೂ ಡಿಸ್ಕ್‌ಗೆ ಹೊಡೆತ. ಹಾಸಿಗೆ, ದಿಂಬಿನ ಮೇಲಿಟ್ಟು ಗಾಳಿ ದಾರಿ ಮುಚ್ಚಬೇಡಿ.

ಕೊನೆಯದಾಗಿ ಬ್ಯಾಕಪ್. ಮುಖ್ಯವಾದದ್ದಕ್ಕೆ ಮೂರು ಪ್ರತಿ ಇರಲಿ: ಒಂದು ಲ್ಯಾಪ್‌ಟಾಪ್‌ನಲ್ಲಿ, ಒಂದು ಎಕ್ಸ್‌ಟರ್ನಲ್ ಡಿಸ್ಕ್‌ನಲ್ಲಿ, ಒಂದು ಅಂಗಡಿಯಿಂದ ಹೊರಗೆ. ಹೊರಗಿನ ಪ್ರತಿಗೆ ಗೂಗಲ್ ಖಾತೆಯ ಉಚಿತ 15 ಜಿಬಿ ಒಂದು ಸಣ್ಣ ಅಂಗಡಿಯ ಲೆಕ್ಕಕ್ಕೆ ಧಾರಾಳ ಸಾಕು. ಜಿಮೇಲ್, ಫೋಟೋಗೂ ಅದೇ ಜಾಗ ಎನ್ನೋದು ನೆನಪಿರಲಿ. ಎಕ್ಸ್‌ಟರ್ನಲ್ ಡಿಸ್ಕನ್ನು ಯಾವಾಗಲೂ ಚುಚ್ಚಿಟ್ಟಿರಬೇಡಿ. ಫೈಲ್‌ಗಳಿಗೆ ಬೀಗ ಹಾಕುವ ವೈರಸ್ ಬಂದರೆ ಅದಕ್ಕೂ ಬೀಗ ಬೀಳುತ್ತೆ. ವಾರದಲ್ಲಿ ಒಂದು ದಿನ, ಅಂಗಡಿ ಮುಚ್ಚುವ ಮುಂಚೆ ಹತ್ತು ನಿಮಿಷ ಇದಕ್ಕೆ ಇಟ್ಟರೆ, ಡಿಸ್ಕ್ ಯಾವತ್ತು ಹೋದರೂ ಹೋಗೋದು ಡಿಸ್ಕ್ ಮಾತ್ರ.